ಡಿಪಿಕೆಜಿ, ಆ್ಯಪ್ಟ್ ಮತ್ತು ತೆಗೆದುಹಾಕುವ ಕಷ್ಟ

ಡೆಬಿಯನ್ ಅಥವಾ ಉಬುಂಟುನಲ್ಲಿ ಒಂದು ತಂತ್ರಾಂಶ ಬೇಕೆಂದರೆ ಟರ್ಮಿನಲ್ ತೆರೆದು ‘ಸುಡೋ ಆ್ಯಪ್ಟ್ ಇನ್‌ಸ್ಟಾಲ್’ ಅಂತ ಬರೆದು, ಮುಂದೆ ಅದರ ಹೆಸರು ಕೊಟ್ಟು ಎಂಟರ್ ಒತ್ತಿದರೆ ಆಯ್ತು. ಕಾಫಿ ಆರೋದರೊಳಗೆ ಕೆಲಸ ಮುಗಿದಿರುತ್ತೆ. ಲಿನಕ್ಸ್‌ನ ಮೊದಲ ವರ್ಷಗಳಲ್ಲಿ ಹೀಗಿರಲಿಲ್ಲ ಮಾರಾಯ್ರೇ!

ಆಗ ಸೋರ್ಸ್ ಕೋಡ್‌ನ ಟಾರ್ ಫೈಲ್ ತಂದು, ಬಿಚ್ಚಿ, ಕಂಪೈಲ್ ಮಾಡಿ, ಕೊನೆಗೆ ‘ಮೇಕ್ ಇನ್‌ಸ್ಟಾಲ್’ ಅನ್ನಬೇಕಿತ್ತು. ಹಾಕೋದು ಹೇಗೋ ಆಗುತ್ತಿತ್ತು, ತೆಗೆಯೋದೇ ಕಷ್ಟ. ಯಾವ ಫೈಲು ಎಲ್ಲಿ ಹೋಗಿ ಕೂತಿದೆ ಅಂತ ಲೆಕ್ಕ ಇಟ್ಟವರು ಯಾರೂ ಇಲ್ಲ. 1993ರ ಸ್ಲ್ಯಾಕ್‌ವೇರ್ ಆ ಪಟ್ಟಿ ಬರೆದಿಡುತ್ತಿತ್ತು, ಆದರೆ ಒಂದು ಪ್ಯಾಕೇಜಿಗೆ ಇನ್ನೊಂದು ಬೇಕಾ ಅನ್ನೋದು ಅದಕ್ಕೆ ಗೊತ್ತಿರಲಿಲ್ಲ.

ಅದೇ ವರ್ಷ ಆಗಸ್ಟ್ 16ರಂದು ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. (ಗೆಳತಿ ಡೆಬ್ರಾ + ಇಯಾನ್ = ಡೆಬಿಯನ್ :) ಮರ್ಡಾಕ್ 2015ರ ಡಿಸೆಂಬರಿನಲ್ಲಿ ತೀರಿಕೊಂಡರು, 42 ವರ್ಷ.) ಅದರ ಡಿಪಿಕೆಜಿ ಮೊದಲು ಒಂದು ಶೆಲ್ ಸ್ಕ್ರಿಪ್ಟ್, ಆಮೇಲೆ ಪರ್ಲ್, ನಂತರ ಇಯಾನ್ ಜಾಕ್ಸನ್ ಕೈಯಲ್ಲಿ ಸಿ ಭಾಷೆ. ಯಾವ ಫೈಲು ಯಾವ ಪ್ಯಾಕೇಜಿನದು, ಯಾವುದಕ್ಕೆ ಏನೇನು ಬೇಕು, ಎರಡನ್ನೂ ಅದು ಬರೆದಿಟ್ಟುಕೊಂಡಿತು. ರೆಡ್ ಹ್ಯಾಟ್‌ನ ಆರ್‌ಪಿಎಂ 1995ರಲ್ಲಿ ಬಂತು.

ಆದರೆ ಇವೆರಡೂ ‘ಇದಿಲ್ಲ’ ಅಂತ ಹೇಳಿ ಸುಮ್ಮನಾಗುತ್ತಿದ್ದವು, ತಂದುಕೊಡುತ್ತಿರಲಿಲ್ಲ. ಅದನ್ನು ಹುಡುಕಿ ತಂದರೆ ಅದಕ್ಕೆ ಇನ್ನೆರಡು ಬೇಕು, ಆ ಎರಡಕ್ಕೆ ಮತ್ತೆ ನಾಲ್ಕು... ಇದಕ್ಕೇ ‘ಡಿಪೆಂಡೆನ್ಸಿ ಹೆಲ್’ ಅಂತ ಹೆಸರು ಬಿದ್ದದ್ದು.

ಈ ನರಕಕ್ಕೆ ಡೆಬಿಯನ್ ಕೊಟ್ಟ ಉತ್ತರ ಆ್ಯಪ್ಟ್. 1999ರ ಮಾರ್ಚಿನಲ್ಲಿ ಬಂದ ಡೆಬಿಯನ್ 2.1ರ ಜೊತೆ ಅದು ಎಲ್ಲರ ಕೈಗೆ ಸಿಕ್ಕಿತು. ಸರ್ವರ್‌ನಿಂದ ಪ್ಯಾಕೇಜುಗಳ ಪಟ್ಟಿ ತರೋದು, ಏನೇನು ಬೇಕು ಅಂತ ಲೆಕ್ಕ ಹಾಕೋದು, ಎಲ್ಲ ಇಳಿಸಿ ಸರಿಯಾದ ಕ್ರಮದಲ್ಲಿ ಡಿಪಿಕೆಜಿಗೆ ಒಪ್ಪಿಸೋದು, ಇಷ್ಟೇ ಅದರ ಕೆಲಸ. ನನ್ನ ಪ್ರಕಾರ ಲಿನಕ್ಸನ್ನು ಸಾಮಾನ್ಯರ ಹತ್ತಿರ ತಂದಿದ್ದು ಚೆಂದದ ಡೆಸ್ಕ್‌ಟಾಪ್‌ಗಳಿಗಿಂತ ಹೆಚ್ಚಾಗಿ ಇದೇ. ಆರ್‌ಪಿಎಂ ಕಡೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಸೇತ್ ವಿಡಾಲ್ ‘ಯಮ್’ ಕೊಟ್ಟರು. 2015ರ ಫೆಡೋರಾ 22ರಲ್ಲಿ ಅದರ ಜಾಗಕ್ಕೆ ಡಿಎನ್‌ಎಫ್ ಬಂತು.

ಇನ್ನು ತೆಗೆಯೋ ವಿಷಯ. ‘ರಿಮೂವ್’ ಅಂದರೆ ತಂತ್ರಾಂಶ ಹೋಗುತ್ತೆ, ಅದರ ಸೆಟ್ಟಿಂಗ್ ಫೈಲುಗಳು ಇಟಿಸಿ ಫೋಲ್ಡರಿನಲ್ಲಿ ಉಳಿಯುತ್ತವೆ. ‘ಪರ್ಜ್’ ಅಂದರೆ ಅವೂ ಹೋಗುತ್ತವೆ. ಆದರೆ ಹೋಮ್ ಫೋಲ್ಡರಿನಲ್ಲಿ ಇರೋದನ್ನು ಎರಡೂ ಮುಟ್ಟಲ್ಲ.

ವ್ಯವಸ್ಥೆಗೇ ಅಗತ್ಯವಾದದ್ದನ್ನು ತೆಗೆಯಲು ಹೊರಟರೆ ಆ್ಯಪ್ಟ್ ಎಚ್ಚರಿಸಿ, ‘ಯೆಸ್, ಡೂ ಆ್ಯಸ್ ಐ ಸೇ!’ ಅಂತ ಪೂರ್ತಿ ವಾಕ್ಯ ಟೈಪ್ ಮಾಡಿಸುತ್ತಿತ್ತು. 2021ರಲ್ಲಿ ಯೂಟ್ಯೂಬ್‌ನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋದರು. ಪ್ಯಾಕೇಜಿನ ದೋಷದಿಂದ ಡೆಸ್ಕ್‌ಟಾಪನ್ನೇ ತೆಗೆಯಬೇಕು ಅಂತ ಆ್ಯಪ್ಟ್ ಲೆಕ್ಕ ಹಾಕಿತು. ಅವರು ಆ ವಾಕ್ಯ ಟೈಪ್ ಮಾಡಿಯೇ ಬಿಟ್ಟರು, ಡೆಸ್ಕ್‌ಟಾಪ್ ಮಾಯ! ‘ಓದಬಾರದಿತ್ತಾ’ ಅಂತ ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ಆಟ ಆಡೋಕೆ ಬಂದವನಿಗೆ ಪ್ಯಾಕೇಜುಗಳ ಉದ್ದ ಪಟ್ಟಿ ತೋರಿಸಿದರೆ ಅವನು ಏನು ತಾನೇ ಮಾಡಿಯಾನು? ಆ್ಯಪ್ಟ್ ಬರೆಯುವವರಿಗೂ ಇದು ಮುಟ್ಟಿತು. ನಂತರದ ಆವೃತ್ತಿಗಳಲ್ಲಿ ಆ ವಾಕ್ಯ ಕೇಳೋದನ್ನೇ ಬಿಟ್ಟು, ಬೇರೆ ಆಯ್ಕೆ ಕೊಡದ ಹೊರತು ಅಂಥದ್ದನ್ನು ತೆಗೆಯಲು ಒಪ್ಪಲ್ಲ.

ಅಂದಹಾಗೆ, ಡೆಬಿಯನ್‌ನಲ್ಲಿ ಕನ್ನಡ ಅಕ್ಷರ ಬೇಕಿದ್ದರೆ ‘ಫಾಂಟ್ಸ್-ಕೆಎನ್‌ಡಿಎ’ ಹಾಕಿ ನೋಡಿ. ಅದು ಬರೀ ಅವಲಂಬನೆಗಳ ಪಟ್ಟಿ ಇರೋ ಖಾಲಿ ಪ್ಯಾಕೇಜು. ಅದರ ಹಿಂದೆಯೇ ಗುಬ್ಬಿ, ನವಿಲು ಎರಡೂ ಹಾರಿ ಬರುತ್ತವೆ :)