ಅಸಹಜರೆಂದು ಯಾರನ್ನು ಕರೆದರು?

ಕೆಲಸ ತೊರೆದು ಮನೆಯ ಮೂಲೆ ಹಿಡಿದು ಕುಳಿತವನೊಬ್ಬನನ್ನು ಊಹಿಸಿರಿ. ನೆರೆಯವರು ಅವನನ್ನು ಸೋಮಾರಿಯೆನ್ನುವರು, ವೈದ್ಯರು ರೋಗಿಯೆನ್ನಬಹುದು. ಸಮಾಜಕಾರ್ಯಕರ್ತನು ಏನೆನ್ನಬೇಕು? ಈ ಪ್ರಶ್ನೆಗೆ ಶತಮಾನಕ್ಕೂ ಮೀರಿದ ಇತಿಹಾಸವುಂಟು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ದಾನಸಂಘಗಳು ಸ್ವಯಂಸೇವಕಿಯರನ್ನು ಬಡವರ ಮನೆಗಳಿಗೆ ಕಳುಹಿಸುತ್ತಿದ್ದವು. ನೆರವಿಗೆ ಯೋಗ್ಯರಾರು, ಅಯೋಗ್ಯರಾರು ಎಂದು ವಿಂಗಡಿಸುವುದೂ ಅವರ ಕೆಲಸವಾಗಿದ್ದಿತು. ಬಡತನದ ಬೇರು ಬಡವನ ನಡತೆಯಲ್ಲಿದೆಯೆಂಬುದೇ ಅಂದಿನ ನಂಬಿಕೆ. 1889ರಲ್ಲಿ ಷಿಕಾಗೋ ನಗರದಲ್ಲಿ ಹಲ್ ಹೌಸ್ ತೆರೆದು ಬಡವರ ಕೇರಿಯಲ್ಲಿಯೇ ನೆಲೆಸಿದ ಜೇನ್ ಆಡಮ್ಸ್ ಅವರಿಗಾದರೋ ಕಂಡದ್ದು ಬೇರೆ: ಕೊಳೆತ ಬೀದಿ, ಅರೆಹೊಟ್ಟೆಯ ಕೂಲಿ, ಕಾರ್ಖಾನೆಗಳಲ್ಲಿ ದುಡಿಯುವ ಎಳೆಯ ಮಕ್ಕಳು.

ಅದೇ ವರ್ಷ ಬಾಲ್ಟಿಮೋರಿನ ದಾನಸಂಘವನ್ನು ಸೇರಿದ ಮೇರಿ ರಿಚ್ಮಂಡ್ 1917ರಲ್ಲಿ 'ಸೋಷಿಯಲ್ ಡಯಾಗ್ನೋಸಿಸ್' ಎಂಬ ಗ್ರಂಥವನ್ನು ಪ್ರಕಟಿಸಿದರು. ತೀರ್ಪು ನೀಡುವ ಮುನ್ನ ಮನೆಯವರು, ಬಂಧುಗಳು, ಶಾಲೆ, ಯಜಮಾನ, ವೈದ್ಯ ಇವರೆಲ್ಲರಿಂದ ಸಾಕ್ಷ್ಯ ಸಂಗ್ರಹಿಸಬೇಕೆಂದು ಆಕೆ ವಿಧಿಸಿದರು. ನಮ್ಮ ದೃಷ್ಟಿಯಲ್ಲಿ ಇದು ದೊಡ್ಡ ಹೆಜ್ಜೆ. ಗಾಳಿಮಾತಿನ ಮೇಲೆ ಮನುಷ್ಯನನ್ನು ಅಳೆಯುವ ರೂಢಿಗೆ ಇದು ತಡೆಯೊಡ್ಡಿತು. ಆದರೆ ಹೆಸರಿನಲ್ಲಿಯೇ ವೈದ್ಯರ ಪರಿಭಾಷೆ ಹೊಕ್ಕಿತೆಂಬುದನ್ನೂ ಗಮನಿಸಬೇಕು. ಮರುವರ್ಷವೇ, ಯುದ್ಧದಿಂದ ಮನಸ್ಸು ಜರ್ಜರಿತವಾಗಿ ಮರಳಿದ ಸೈನಿಕರಿಗಾಗಿ, ಸ್ಮಿತ್ ಕಾಲೇಜಿನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿ ಆರಂಭವಾಯಿತು. ಆ ಬಳಿಕ ಅನೇಕರ ನೋಟ ಬೀದಿಯಿಂದ ಸರಿದು ಒಳಮನಸ್ಸಿನಲ್ಲಿ ನೆಟ್ಟಿತು.

ಈ ಎರಡು ನೋಟಗಳನ್ನು ಕೂಡಿಸಲು ಯತ್ನಿಸಿದವರಲ್ಲಿ ಹ್ಯಾರಿಯೆಟ್ ಬಾರ್ಟ್ಲೆಟ್ ಪ್ರಮುಖರು. 1970ರ ತಮ್ಮ ಗ್ರಂಥದಲ್ಲಿ ಆಕೆ 'ಸಾಮಾಜಿಕ ನಿರ್ವಹಣೆ'ಯೆಂಬ ಕಲ್ಪನೆಯನ್ನು ವೃತ್ತಿಯ ನಡುವೆ ನಿಲ್ಲಿಸಿದರು. ಪರಿಸರವು ವ್ಯಕ್ತಿಯಿಂದ ಬೇಡುವುದೆಷ್ಟು, ಅದನ್ನು ನಿಭಾಯಿಸಲು ಅವನಿಗಿರುವ ಶಕ್ತಿಯೆಷ್ಟು ಎಂಬ ತೂಕವೇ ಇದರ ತಿರುಳು. ಹೀಗೆ ನೋಡಿದಾಗ ದೋಷವು ಅವನಲ್ಲಿಯೇ ಇರಬೇಕೆಂದಿಲ್ಲ. ತೂಕ ತಪ್ಪಿದ್ದು ಬೇಡಿಕೆಯ ಕಡೆಯಿಂದಲೂ ಆಗಿರಬಹುದು.

ವೈದ್ಯರ ಪಟ್ಟಿಯೂ ಅಚಲವಲ್ಲ. ಸಲಿಂಗಾನುರಾಗವನ್ನು ವ್ಯಾಧಿಯೆಂದು ಬರೆದಿಟ್ಟಿದ್ದ ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅದನ್ನು ಕೈಬಿಟ್ಟಿತು. ಅಷ್ಟರವರೆಗೆ ಆ ಹಣೆಪಟ್ಟಿ ಹೊತ್ತು ಬಾಳಿದವರ ಗತಿಯೇನು?

ನಮ್ಮ ದೇಶದಲ್ಲಿ ಸಮಾಜಕಾರ್ಯದ ವೃತ್ತಿಶಿಕ್ಷಣ 1936ರಲ್ಲಿ ಮುಂಬಯಿಯ ಟಾಟಾ ಶಾಲೆಯಿಂದ ಮೊದಲಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ, ಒಬ್ಬನು ತನ್ನ ಸಮುದಾಯದ ನೈತಿಕ, ಸಾಮಾಜಿಕ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಂಡು ನಡೆಯುವುದಿಲ್ಲವೆಂಬ ಕಾರಣದಿಂದ ಅವನನ್ನು ಮನೋರೋಗಿಯೆಂದು ನಿರ್ಧರಿಸುವಂತಿಲ್ಲ. ಮೂಲೆ ಹಿಡಿದು ಕುಳಿತವನ ಬಾಗಿಲಿಗೆ ಹೋಗುವ ಕಾರ್ಯಕರ್ತನು ಈಗ ಈ ಕಾಯಿದೆಯನ್ನೂ ತಿಳಿದಿರಬೇಕಾಗಿದೆ.