ವಿದ್ಯಾಸಂಸ್ಥೆಯ ಚರಿತ್ರೆಯಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿ

ನಮ್ಮ ನಾಡಿನ ದಾನಶಾಸನಗಳನ್ನು ಓದುತ್ತ ಹೋದವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಆಳುವ ಅರಸನ ಬಿರುದಾವಳಿಗೆ ಅಲ್ಲಿ ಅನೇಕ ಸಾಲುಗಳು ಮೀಸಲು. ದಾನವಿತ್ತವನ ವಂಶಕ್ಕೆ, ದಾನವನ್ನು ಕೈಕೊಂಡ ಆಚಾರ್ಯನ ಗುರುಪರಂಪರೆಗೆ, ಭೂಮಿಯ ಎಲ್ಲೆಗೆ ಮತ್ತೆ ಕೆಲವು ಸಾಲುಗಳು. ದಾನವನ್ನು ಕೆಡಿಸಿದವನಿಗೆ ತಗಲುವ ಪಾಪವನ್ನೂ ಶಾಸನಕಾರನು ಮರೆಯುವುದಿಲ್ಲ. ಆದರೆ ವಿದ್ಯಾದಾನಕ್ಕೆಂದು ಬಿಟ್ಟ ಆ ಭೂಮಿಯ ಅನ್ನವನ್ನುಂಡು ಓದಿದ ಮಾಣಿಗಳು ಯಾರು, ಯಾವ ಊರಿನವರು ಎಂಬ ಪ್ರಶ್ನೆಗೆ ಕಲ್ಲು ಮೌನವಾಗಿಯೇ ಇರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದ ಸೀಮೆ ಇದು. ಅವಳ ಹೆಸರಿನೊಂದಿಗೆ ಹೆಣೆದುಕೊಂಡ ಸೂಡಿಯೂ ಇಂದಿನ ರಾಜೂರವೂ ಒಂದೇ ಸೀಮೆಯ ಊರುಗಳು. ಅಕ್ಕಾದೇವಿಯ ಹೆಸರನ್ನು ಇಲ್ಲಿಯ ಶಾಲೆಯ ಹುಡುಗರೂ ಬಲ್ಲರು. ಆ ಕಾಲದಲ್ಲಿ ಇಲ್ಲಿ ಓದಿದ ಒಬ್ಬನೇ ಒಬ್ಬ ಹುಡುಗನ ಹೆಸರನ್ನು ಯಾರೂ ಅರಿಯರು.

ಒಂಬತ್ತು ನೂರು ವರ್ಷಗಳ ತರುವಾಯ ಕಟ್ಟಿದ ಕಾಲೇಜುಗಳ ಗೋಡೆಯ ಶಿಲಾಫಲಕಗಳೂ ಇದೇ ರೀತಿಯವು. ರಾಜೂರದಂತಹ ಹಳ್ಳಿಯಿಂದ ಬಂದು ಮೊದಲ ವರ್ಷದ ತರಗತಿಗೆ ಸೇರಿದ ಹುಡುಗ ಅಥವಾ ಹುಡುಗಿ ಸ್ವಾಗತ ಸಮಾರಂಭದಲ್ಲಿ ಕುಳಿತು ಕೇಳುವುದು ಸಂಸ್ಥಾಪಕರ ಮತ್ತು ದಾನಿಗಳ ನಾಮಾವಳಿಯನ್ನು. ಭಾವಚಿತ್ರಗಳಿಗೆ ಮಾಲೆ ಬೀಳುತ್ತದೆ; ನೀವು ಇಂಥವರಿಗೆ ಋಣಿಗಳಾಗಿರಬೇಕೆಂಬ ಮಾತು ಬರುತ್ತದೆ. ಋಣವನ್ನು ನೆನೆಯುವುದು ತಪ್ಪಲ್ಲ. ಆದರೆ ಚರಿತ್ರೆಯನ್ನು ಬರಿಯ ಸಾಲಪತ್ರದಂತೆ ಓದಿ ಹೇಳಿದರೆ ಹೊಸಬನು ತನ್ನದೇ ಕಾಲೇಜಿನಲ್ಲಿ ಬೀಡುಬಿಟ್ಟ ಅತಿಥಿಯಾಗಿ ಉಳಿಯುತ್ತಾನೆ. ಮುಂಬಯಿ ಕರ್ನಾಟಕದ ಶಿಕ್ಷಣದ ಇತಿಹಾಸವನ್ನು ಇಸವಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ.

ಕಳೆದ ಶತಮಾನದ ಆರಂಭದವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಲ್ಲಿ ಕಾಲೇಜು ಎಂಬುದೇ ಇರಲಿಲ್ಲ. ಮ್ಯಾಟ್ರಿಕ್ ಮುಗಿಸಿದ ಕನ್ನಡದ ಹುಡುಗನು ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕು. ಪುಣೆಯ ಡೆಕ್ಕನ್ ಕಾಲೇಜು, 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜು, ಕೊಲ್ಲಾಪುರದ ರಾಜಾರಾಮ ಕಾಲೇಜು, ಇವು ನಮ್ಮವರ ವಿದ್ಯಾಕ್ಷೇತ್ರಗಳಾಗಿದ್ದವು. ಪಾಠದ ಮಾತು ಇಂಗ್ಲಿಷು, ಬೀದಿಯ ಮಾತು ಮರಾಠಿ, ಕನ್ನಡ ಎದೆಯೊಳಗೆ. ಜೋಳದ ಹೊಲವನ್ನು ನಂಬಿದ ಒಕ್ಕಲುತನದ ಮನೆಗೆ ಆ ಖರ್ಚು ನಿಲುಕುವಂತಹದಲ್ಲ. ಈ ಕೊರತೆಯನ್ನು ಮನಗಂಡೇ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಓದುವ ಹುಡುಗರಿಗೆ ಧನಸಹಾಯ ಒದಗಿಸುವುದು ಅದರ ಮುಖ್ಯ ಉದ್ದೇಶ. ಕಟ್ಟಡಕ್ಕಿಂತ ಮೊದಲು, ಗ್ರಂಥಾಲಯಕ್ಕಿಂತ ಮೊದಲು, ವಿದ್ಯಾರ್ಥಿಯೇ ಅಲ್ಲಿ ಚಿಂತನೆಯ ವಿಷಯವಾಗಿದ್ದನೆಂಬುದನ್ನು ಗಮನಿಸಬೇಕು.

ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರನ್ನು ಕೇಳದ ವಿದ್ಯಾರ್ಥಿ ಈ ಭಾಗದಲ್ಲಿ ವಿರಳ. ಆದರೆ ಅವರು ಇಂದಿನ ಗದಗ ಜಿಲ್ಲೆಗೆ ಸೇರಿದ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ, ಶಿರಸಂಗಿಯ ದೇಸಗತಿಗೆ ದತ್ತುಹೋದವರು ಎಂಬುದು ಅಷ್ಟಾಗಿ ತಿಳಿದಿಲ್ಲ. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ಅವರು ಲಿಂಗೈಕ್ಯರಾದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದರು. ಅವರ ಹೆಸರನ್ನು ಹೊತ್ತ ಬೆಳಗಾವಿಯ ಕಾಲೇಜು ತೆರೆದದ್ದು 1933ರಲ್ಲಿ, ಅವರು ತೀರಿಕೊಂಡು 27 ವರ್ಷಗಳು ಸಂದ ಮೇಲೆ. ಆ ಕಾಲೇಜಿನ ಒಬ್ಬ ವಿದ್ಯಾರ್ಥಿಯ ಮುಖವನ್ನೂ ಅವರು ಕಾಣಲಿಲ್ಲ. ಮೃತ್ಯುಪತ್ರ ಬರೆಯುವಾಗ ಅವರ ಕಣ್ಣಮುಂದೆ ಇದ್ದವರು ಇನ್ನೂ ಹುಟ್ಟದ ಹುಡುಗರು.

ಈ ಎರಡು ಘಟನೆಗಳ ನಡುವೆ ನಿಂತಿರುವುದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ. 1916ನೆಯ ಇಸವಿಯ ನವೆಂಬರ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯೊಂದಿಗೆ ಅದು ಉದಯಿಸಿತು. ಮುಂದೆ ಆ ಶಾಲೆ ಗಿಲಗಂಚಿ-ಅರಟಾಳ ಹೈಸ್ಕೂಲೆಂದು ಹೆಸರಾಯಿತು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಂಡಿತಪ್ಪ ಚಿಕ್ಕೋಡಿ, ಸರದಾರ ವೀರನಗೌಡ ಪಾಟೀಲ ಇವರನ್ನು ಜನ ಸಪ್ತರ್ಷಿಗಳೆಂದು ಕರೆಯುತ್ತ ಬಂದಿದ್ದಾರೆ. ಗೌರವದ ಮಾತು, ಸರಿ. ಆದರೆ ಋಷಿಯೆಂದ ಕೂಡಲೆ ಹುಡುಗರ ಕಣ್ಣಿಗೆ ನೆರೆತ ಗಡ್ಡ ಕಟ್ಟುತ್ತದೆ. ವಾಸ್ತವವಾಗಿ ಅವರಲ್ಲಿ ಹಲವರು ಆಗತಾನೆ ಪದವಿ ಮುಗಿಸಿದ ತರುಣರು. ಬಸವನಾಳರು ಹುಟ್ಟಿದ್ದು 1893ರಲ್ಲಿ. ಸಂಸ್ಥೆ ಸ್ಥಾಪನೆಯಾದಾಗ ಅವರಿಗೆ 23 ವರ್ಷ. ಹಿಂದಿನ ಆರೇಳು ವರ್ಷಗಳೊಳಗೆ ಅವರೂ ಪರಸ್ಥಳದ ಕಾಲೇಜೊಂದರ ಮೊದಲ ವರ್ಷದ ತರಗತಿಯಲ್ಲಿ ಪಾಠ ತಿಳಿಯದೆ ಕುಳಿತಿದ್ದವರೇ. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯತ್ವದ ಪದ್ಧತಿಯನ್ನು ಈ ತರುಣರು ತಮ್ಮದಾಗಿಸಿಕೊಂಡರು: ಅಲ್ಪ ವೇತನ, ಆಯುಷ್ಯವೆಲ್ಲ ಸಂಸ್ಥೆಗೆ. ಪರರ ಊರಿನಲ್ಲಿ ವಿದ್ಯಾರ್ಥಿಗಳಾಗಿ ಕಂಡದ್ದನ್ನು ತಂದು ತಮ್ಮ ಊರಿನಲ್ಲಿ ನೆಟ್ಟರು. ಇದೇ ಬಸವನಾಳರು ಮುಂದೆ ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದರು. ಸಾಖರೆಯವರು 1942ರಲ್ಲಿ ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವವನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ಸಾಹಿತ್ಯದ ವಿದ್ಯಾರ್ಥಿಗಳು ಇವರನ್ನು ಬರಿಯ ಸಂಪಾದಕರೆಂದು ಬಲ್ಲರು. ಇವರು ಮೊದಲಿಗೆ ಹುಡುಗರ ಮುಂದೆ ನಿಂತ ಮಾಸ್ತರರು.

1917ರಲ್ಲಿ ಧಾರವಾಡದಲ್ಲಿ ಸರಕಾರಿ ಕರ್ನಾಟಕ ಕಾಲೇಜು ಆರಂಭವಾಯಿತು. ರೈಲ್ವೆ ಕಂಪನಿಯ ಕಚೇರಿಗೆಂದು ಎದ್ದ ಭವ್ಯ ಕಟ್ಟಡ ಅದರ ಮನೆಯಾಯಿತು. ಹೊಸ ಕಾಲೇಜು ಯಾವುದೇ ಇರಲಿ, ಅದರ ಮೊಟ್ಟಮೊದಲ ತರಗತಿಯ ವಿದ್ಯಾರ್ಥಿಗಳ ಸ್ಥಿತಿ ವಿಲಕ್ಷಣವಾದುದು. ಅವರಿಗೆ ಹಿರಿಯ ವಿದ್ಯಾರ್ಥಿಗಳಿಲ್ಲ, ಹಳೆಯ ಟಿಪ್ಪಣಿಗಳಿಲ್ಲ, ಹೆಮ್ಮೆಯಿಂದ ಹೇಳಿಕೊಳ್ಳಲು ಹಿಂದಿನ ಫಲಿತಾಂಶವಿಲ್ಲ. ಹೆಸರಾದ ಪುಣೆಯ ಕಾಲೇಜನ್ನು ಬಿಟ್ಟು ಹೆಸರಿಲ್ಲದ ಕಾಲೇಜಿಗೆ ಮಗನನ್ನು ಕಳಿಸಿದ ತಂದೆಯ ಧೈರ್ಯವೂ ಸಣ್ಣದಲ್ಲ. ದಾನಿಯು ಹಣವನ್ನು ತೊಡಗಿಸಿದರೆ ಈ ಹುಡುಗರು ತಮ್ಮ ಭವಿಷ್ಯವನ್ನೇ ತೊಡಗಿಸಿದರು. ಶಿಲಾಫಲಕದಲ್ಲಿ ಮೊದಲನೆಯದು ಮಾತ್ರ ಬರೆಯಲ್ಪಟ್ಟಿದೆ.

ಗದಗಿಗೆ ಕಾಲೇಜು ಬಂದದ್ದು 1955ರಲ್ಲಿ. ರೋಣ ತಾಲೂಕು ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಬೆಳಗಾವಿಯ ಅದೇ ಸಂಸ್ಥೆಯ ಜಗದ್ಗುರು ತೋಂಟದಾರ್ಯ ಕಾಲೇಜು ಈ ಬಯಲುಸೀಮೆಯ ಹಳ್ಳಿಗಳಿಗೆ ದೊಡ್ಡ ಬಾಗಿಲಾಯಿತು. ಈಗ ಗಜೇಂದ್ರಗಡ, ರೋಣ, ನರೇಗಲ್ಲಗಳಲ್ಲಿಯೇ ಕಾಲೇಜುಗಳಿವೆ. ಹುಡುಗರು ಗದಗಿನ ಕಾಲೇಜನ್ನು 'ಜೆ.ಟಿ.' ಎನ್ನುತ್ತಾರೆ. ಬಾಯಿಗೆ ಸುಲಭ, ಆದರೆ ಆ ಎರಡು ಅಕ್ಷರಗಳಲ್ಲಿ ಒಂದು ಗ್ರಂಥಭಂಡಾರವೇ ಮುಚ್ಚಿಹೋಗಿದೆ. ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಯಲ್ಲಿ ವಚನಗಳ ಸಂಕಲನ ನಡೆಯಿತು. ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದರು. ವಿಜಾಪುರದ ಫ. ಗು. ಹಳಕಟ್ಟಿಯವರು ಆ ಗ್ರಂಥವನ್ನು 1930ರಲ್ಲಿ ಅಚ್ಚಿಗೆ ತಂದರು. 1958ರಲ್ಲಿ ಅದರ ಶಾಸ್ತ್ರೀಯ ಸಂಪಾದನೆ ಪ್ರೊ. ಸಂ. ಶಿ. ಭೂಸನೂರಮಠರಿಂದ ಆಯಿತು. ಭೂಸನೂರಮಠರು ಹುಟ್ಟಿದ್ದು 1910ರಲ್ಲಿ, ರೋಣ ತಾಲೂಕಿನ ನಿಡಗುಂದಿಯಲ್ಲಿ. ಅದು ರಾಜೂರದ ಸೀಮೆಯ ಊರೇ. ಅವರು ಕಾಲೇಜು ಸೇರುವ ವಯಸ್ಸಿನಲ್ಲಿ ಗದಗಿನಲ್ಲಿ ಕಾಲೇಜಿರಲಿಲ್ಲ. ಮುಂದೆ ಅವರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಆರ್ಮಾಂಡೊ ಮೆನೆಜಿಸರೊಡನೆ ಶೂನ್ಯಸಂಪಾದನೆಯನ್ನು ಇಂಗ್ಲಿಷಿಗೆ ತರುವ ಕಾರ್ಯದಲ್ಲಿ ಪಾಲ್ಗೊಂಡರು. ಎರೆಯ ಹೊಲದ ಒಂದು ಹಳ್ಳಿಯ ಹುಡುಗನಿಗೆ ಈ ದಾರಿ ತೆರೆದಿತ್ತೆಂಬುದು ಪುರಾಣವಲ್ಲ, ಇತ್ತೀಚಿನ ಇತಿಹಾಸ.

ಶೂನ್ಯಸಂಪಾದನೆಯ ರಚನೆಯನ್ನೇ ನೋಡಬೇಕು. ಹೊಸಬರ ಆಗಮನಗಳಿಂದಲೇ ಅದರ ಕಥೆ ಬೆಳೆಯುತ್ತದೆ. ಸೊನ್ನಲಿಗೆಯಿಂದ ಸಿದ್ಧರಾಮ, ಉಡುತಡಿಯಿಂದ ಮಹಾದೇವಿಯಕ್ಕ, ಒಬ್ಬೊಬ್ಬರು ಬಂದಾಗಲೂ ಪ್ರಶ್ನೆಯೇಳುತ್ತದೆ, ಸಂವಾದ ನಡೆಯುತ್ತದೆ. ಅಕ್ಕನಿಗೆ ದೊರೆತ ಸ್ವಾಗತ ಹಾರತುರಾಯಿಯದಲ್ಲ, ಕಠೋರವಾದ ಪ್ರಶ್ನೆಗಳದು. ಅವಳ ಉತ್ತರಗಳಿಂದ ಅನುಭವಮಂಟಪದ ಅರಿವೇ ಹಿಗ್ಗಿತು. ಆ ಗ್ರಂಥದಲ್ಲಿ ಇನ್ನೂ ಒಬ್ಬರಿದ್ದಾರೆ, ಮರುಳಶಂಕರದೇವರು. ದೂರದೇಶದಿಂದ ಬಂದು ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದದ ಸೇವೆಯಲ್ಲಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದವರು. ಅಲ್ಲಮಪ್ರಭುಗಳು ಬಂದು ಗುರುತಿಸಿದಾಗ ಬಸವಣ್ಣನವರೇ ಬೆರಗಾಗಿ, ತಮ್ಮ ಮನೆಯಲ್ಲಿಯೇ ಇದ್ದವನನ್ನು ತಾವು ಅರಿಯಲಿಲ್ಲವೆಂದು ಮರುಗಿದರು. ಸಂಸ್ಥೆಯ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ಒಮ್ಮೆ ಓದಿ ಲೇಖನಿ ಹಿಡಿಯುವುದು ಲೇಸು. ದೋಷವು ಕಾಣದವನದೇ ಹೊರತು ಕಾಣಿಸಿಕೊಳ್ಳದವನದಲ್ಲ ಎಂಬಂತೆ ಆ ಸಂವಾದ ನಡೆದಿದೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನು ಮುಚ್ಚಿಡಬಾರದು. ಈ ಸಂಸ್ಥೆಗಳು ಒಂದು ಸಮಾಜದ ಹೆಸರಿನಲ್ಲಿ, ಆ ಸಮಾಜದ ಮಕ್ಕಳಿಗಾಗಿ ಹುಟ್ಟಿದವು. ಒಕ್ಕಲುತನದ ಜನ ವಿದ್ಯೆಯಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಬಹಳ ಹಿಂದುಳಿದಿದ್ದ ಕಾಲ ಅದು. ಆದುದರಿಂದ ಆ ಗಡಿಗೆ ಅಂದು ಕಾರಣವಿತ್ತು. ಆದರೆ ತರಗತಿಯ ಬಾಗಿಲು ತೆರೆದ ಮೇಲೆ ಎಲ್ಲ ಸಮಾಜಗಳ ಮಕ್ಕಳೂ ಒಳಬಂದರು. ಇಂದು ಮೊದಲ ವರ್ಷದ ಬೆಂಚಿನ ಮೇಲೆ ಕುಳಿತ ಕುರುಬರ, ಮುಸಲ್ಮಾನರ, ದಲಿತರ ಮನೆಯ ಮಗುವಿಗೆ ಮೃತ್ಯುಪತ್ರದ ಅಕ್ಷರದಲ್ಲಿ ಸ್ಥಾನವೆಲ್ಲಿ? ಅಕ್ಷರವನ್ನೇ ಹಿಡಿದರೆ ಉತ್ತರ ಕಿರಿದು. ಸಂಸ್ಥಾಪಕರು ಯಾರ ವಚನಗಳನ್ನು ಸಂಪಾದಿಸಿದರೋ ಆ ಕಲ್ಯಾಣವನ್ನು ಹಿಡಿದರೆ ಉತ್ತರ ಬೇರೆ. ಅಲ್ಲಿ ಮಾದಾರ ಧೂಳಯ್ಯ, ಸಮಗಾರ ಹರಳಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಯಾರ ದಯೆಯಿಂದಲೂ ಒಳಗಿರಲಿಲ್ಲ. ಸಂಸ್ಥೆಯ ಹೆಸರಿಗಿಂತ ಅದರ ತರಗತಿ ದೊಡ್ಡದಾದದ್ದು ಅದರ ಅಳಿವಲ್ಲ, ಅದರ ಸಾರ್ಥಕತೆ. ಈ ಮಾತನ್ನು ಸ್ವಾಗತ ಸಮಾರಂಭದಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ.

ಋಣದ ಲೆಕ್ಕವೂ ಒಮ್ಮುಖವಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗೆ ಅನ್ನ-ಆಶ್ರಯವಿತ್ತು ನಡೆಸಿದ ಪ್ರಸಾದನಿಲಯ ಎಲ್ಲರಿಗೂ ತಿಳಿದದ್ದು. ಇಂತಹ ನಿಲಯಗಳ ಒಲೆ ಉರಿದದ್ದು ದೇಸಾಯಿಯವರ ಹೊನ್ನಿನಿಂದ ಮಾತ್ರವಲ್ಲ. ಸುಗ್ಗಿಯಾದ ಮೇಲೆ ಹಳ್ಳಿಹಳ್ಳಿಗಳಿಂದ ಮಠದ ದಾಸೋಹಕ್ಕೆ ಜೋಳದ ಚೀಲಗಳು ಬಂಡಿಯಲ್ಲಿ ಹೋಗುತ್ತಿದ್ದವು. ಮನೆಮನೆಯ ತಾಯಂದಿರು ಜೋಳಿಗೆಗೆ ಹಾಕಿದ ಹಿಡಿಕಾಳೂ ಅದರಲ್ಲಿತ್ತು. ಆ ದಾನಕ್ಕೆ ಫಲಕವಿಲ್ಲ, ಪಾವತಿಯೂ ಇಲ್ಲ. ಮೊದಲ ವರ್ಷದ ಹುಡುಗಿಯು ತಾನು ಬರಿಗೈಯಲ್ಲಿ ಬಂದವಳೆಂದು ತಿಳಿದಿದ್ದರೆ, ಅವಳ ಮುತ್ತಜ್ಜಿ ಹಾಕಿದ ಹಿಡಿಕಾಳನ್ನು ಅವಳಿಗೆ ಯಾರೂ ಹೇಳಿಲ್ಲವೆಂದು ಅರ್ಥ.

ಶಿಲಾಫಲಕಗಳು ಬಿಟ್ಟದ್ದನ್ನು ತುಂಬಿಕೊಡುವ ದಾಖಲೆಯೊಂದು ಪ್ರತಿಯೊಂದು ವಿದ್ಯಾಲಯದಲ್ಲಿಯೂ ಇದೆ. ಕಪಾಟಿನ ಕೆಳಗಣ ಅರೆಯಲ್ಲಿ ಅದು ಮಲಗಿರುತ್ತದೆ. ಶಾಲೆಗಳಲ್ಲಿ ಅದನ್ನು ಜನರಲ್ ರಜಿಸ್ಟರ್ ಎಂದು ಕರೆಯುವುದು ವಾಡಿಕೆ. ಅನುಕ್ರಮ ಸಂಖ್ಯೆ, ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಊರು, ಜನ್ಮದಿನಾಂಕ, ಸೇರಿದ ದಿನ, ಬಿಟ್ಟ ದಿನ, ಬಿಡಲು ಕಾರಣ. ಸಂಸ್ಥೆಯ ಬರವಣಿಗೆಯಲ್ಲೆಲ್ಲ ವಿದ್ಯಾರ್ಥಿಯೇ ಮೊದಲು ಬರುವ ಪುಸ್ತಕ ಇದೊಂದೇ. ಯಾವ ವರ್ಷ ಯಾವ ಹಳ್ಳಿಯ ಮೊದಲ ಹುಡುಗ ಬಂದ, ಮೊದಲ ಹುಡುಗಿ ಎಂದು ಬಂದಳು, ಬರಗಾಲದ ವರ್ಷ ಎಷ್ಟು ಜನ ನಡುವೆಯೇ ಬಿಟ್ಟುಹೋದರು ಎಂಬ ಸಂಗತಿಗಳು ಆ ಕಲಮುಗಳಲ್ಲಿ ಅಡಗಿವೆ. 'ಬಿಡಲು ಕಾರಣ' ಎಂಬ ಕಲಮಿನಲ್ಲಿ ಬರೆದ ಒಂದೊಂದು ಶಬ್ದವೂ ಒಂದೊಂದು ಮನೆಯ ಕಥೆ. ಜಯಂತಿ ಸಂಚಿಕೆಗಳ ಸಂಪಾದಕರು ಈ ಕಡೆಗೆ ಕಣ್ಣು ಹಾಯಿಸುವುದು ಅಪರೂಪ.

ಮೊದಲ ವರ್ಷದ ಇತಿಹಾಸದ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಸಮಕ್ಷಮದಲ್ಲಿ ಈ ಪುಸ್ತಕವನ್ನು ತೆರೆದು ತೋರಿಸಿ, ತಮ್ಮ ತಮ್ಮ ಊರಿನ ಹೆಸರನ್ನು ಹಿಂದಿನ ವರ್ಷಗಳಲ್ಲಿ ಹುಡುಕಲು ಹೇಳಬಹುದು. ಖಾಸಗಿ ವಿವರಗಳನ್ನು ಬಿಟ್ಟು ಊರು ಮತ್ತು ಇಸವಿಗಳನ್ನಷ್ಟೇ ಪಟ್ಟಿ ಮಾಡಿದರೂ ಸಾಕು. ಆದರೆ ಹಳೆಯ ಸಂಪುಟಗಳ ಹಾಳೆ ಜೀರ್ಣವಾಗಿವೆ, ಮಸಿ ಕಂದಿದೆ, ರಟ್ಟನ್ನು ಗೆದ್ದಲು ಹಿಡಿದಿರುವುದೂ ಉಂಟು. ಛಾಯಾಪ್ರತಿ ತೆಗೆಯುವ ಕೆಲಸ ಬೇಸಿಗೆಯ ರಜೆಯಲ್ಲಿಯೇ ಆಗಬೇಕು. ಮಳೆಗಾಲ ಬಂದರೆ ಆ ಹಾಳೆಗಳನ್ನು ಬಿಡಿಸುವುದು ಕಠಿಣ.