ಬೀದರಿನ ಮದರಸೆಯೂ ಕೊಂಡಪಲ್ಲಿಯ ಪತ್ರವೂ

ಪ್ರವಾದಿ ಮುಹಮ್ಮದರಿಗೆ ಹಿಂದಿನ ಅರಬ್ಬೀ ನಾಡಿನ ಕಾಲವನ್ನು ಮುಸಲ್ಮಾನ ಗ್ರಂಥಕಾರರು 'ಜಾಹಿಲಿಯತ್' ಎಂದು ಕರೆಯುತ್ತಾರೆ. ಅಜ್ಞಾನದ ಕಾಲವೆಂದು ಅದರ ಅರ್ಥ. ಆದರೆ ಆ ಕಾಲದ ಅರಬರಲ್ಲಿ ಉತ್ತಮ ಕವಿಗಳೂ ಮಾತುಗಾರರೂ ಇದ್ದರೆಂಬುದು ಪ್ರಸಿದ್ಧವಾದ ಸಂಗತಿ. ಆದುದರಿಂದ ಇಲ್ಲಿ ಅಜ್ಞಾನವೆಂದರೆ ವಿದ್ಯೆಯಿಲ್ಲದಿರುವುದು ಮಾತ್ರವಲ್ಲ. ಕೋಪಕ್ಕೂ ಕುಲಾಭಿಮಾನಕ್ಕೂ ವಶನಾಗಿ ವಿಚಾರವಿಲ್ಲದೆ ನಡೆಯುವುದೂ ಅಜ್ಞಾನವೇ. ಪ್ರವಾದಿಗೆ ಮೊಟ್ಟಮೊದಲು ಬಂದ ಆದೇಶವು ಓದಬೇಕೆಂಬುದಾಗಿತ್ತೆಂದು ಸಂಪ್ರದಾಯವು ಹೇಳುತ್ತದೆ. ಕುರಾನಿನ 49ನೆಯ ಅಧ್ಯಾಯದ 6ನೆಯ ವಚನದ ತಾತ್ಪರ್ಯವೇನೆಂದರೆ, ದುಷ್ಟನು ತಂದ ಸುದ್ದಿಯನ್ನು ಮೊದಲು ಪರೀಕ್ಷಿಸಬೇಕು, ಇಲ್ಲದಿದ್ದರೆ ತಿಳಿಯದೆ ಅನ್ಯರಿಗೆ ಕೇಡುಮಾಡಿ ಆಮೇಲೆ ಪಶ್ಚಾತ್ತಾಪಪಡಬೇಕಾದೀತು ಎಂಬುದು. ಓದು, ಪರೀಕ್ಷೆ ಎಂಬೀ ಎರಡು ವಿಧಿಗಳಲ್ಲಿ ಒಂದರ ಫಲವನ್ನೂ ಮತ್ತೊಂದನ್ನು ಮೀರಿದ ಕೇಡನ್ನೂ ಒಬ್ಬನೇ ಪುರುಷನ ಜೀವಿತದಲ್ಲಿ ತೋರಿಸುವ ನಿದರ್ಶನವು ನಮ್ಮ ಬೀದರಿನ ಚರಿತ್ರೆಯಲ್ಲಿಯೇ ಇದೆ. ಆ ಪುರುಷನು ಬಹಮನೀ ರಾಜ್ಯದ ಮಂತ್ರಿಯಾದ ಖ್ವಾಜಾ ಮಹಮೂದ್ ಗವಾನನು.

ಗವಾನನು ಪಾರಸೀಕ ದೇಶದ ಗೀಲಾನ್ ಪ್ರಾಂತದವನು. ಸುಮಾರು 1453ರಲ್ಲಿ ವ್ಯಾಪಾರಕ್ಕಾಗಿ ಸಮುದ್ರಮಾರ್ಗದಿಂದ ದಾಭೋಳ ಬಂದರಿಗೆ ಬಂದು, ಅಲ್ಲಿಂದ ಬೀದರನ್ನು ಸೇರಿದನು. ಆಗ ಅವನಿಗೆ ನಲವತ್ತು ವರ್ಷ ಕಳೆದಿದ್ದಿತು. ಬಹಮನೀ ಸುಲ್ತಾನರ ಸೇವೆಯಲ್ಲಿ ಕ್ರಮವಾಗಿ ಮೇಲೇರಿ, ಮೂರನೆಯ ಮುಹಮ್ಮದ್ ಷಾಹನ ಕಾಲದಲ್ಲಿ, 1466ರಲ್ಲಿ, ಪ್ರಧಾನಮಂತ್ರಿಯಾದನು. 1472ರಲ್ಲಿ ಗೋವೆಯನ್ನು ವಿಜಯನಗರದವರಿಂದ ಗೆದ್ದುಕೊಂಡವನು ಇವನೇ. ಆದರೆ ಅವನ ಹೆಸರನ್ನು ಇಂದಿಗೂ ಉಳಿಸಿರುವುದು ಆ ಜಯವಲ್ಲ. ಅದೇ ವರ್ಷ ಬೀದರಿನಲ್ಲಿ ಪೂರ್ಣವಾದ ಮದರಸೆಯು.

ಸುಮಾರು 205 ಅಡಿ ಉದ್ದ, 180 ಅಡಿ ಅಗಲವಾಗಿ ಮೂರು ಅಂತಸ್ತಿನಲ್ಲಿ ನಿಂತ ಈ ಕಟ್ಟಡದ ನಡುವೆ ತೆರೆದ ಅಂಗಳವಿದ್ದು, ಅದರ ಸುತ್ತಲೂ ಉಪನ್ಯಾಸಶಾಲೆಗಳು, ಮಸೀದಿ, ಪುಸ್ತಕ ಭಂಡಾರ, ಅಧ್ಯಾಪಕರೂ ವಿದ್ಯಾರ್ಥಿಗಳೂ ವಾಸಮಾಡುವ ಕೋಣೆಗಳು ಇದ್ದವು. ಮುಂಭಾಗದ ಎರಡು ಮೂಲೆಗಳಲ್ಲಿ ಎತ್ತರವಾದ ಮಿನಾರುಗಳಿದ್ದವು. ಅವುಗಳಲ್ಲಿ ಒಂದು ಮಾತ್ರ ಈಗ ಉಳಿದಿದೆ. ಗೋಡೆಗೆ ಹೊದಿಸಿದ ಬಣ್ಣದ ಹೆಂಚುಗಳೂ ಕಟ್ಟಡದ ರಚನೆಯೂ ಸಮರಕಂದದಲ್ಲಿ ಉಲುಘ್ ಬೇಗನು 1420ರಲ್ಲಿ ಮುಗಿಸಿದ ಮದರಸೆಯಂಥವುಗಳನ್ನು ನೆನಪಿಗೆ ತರುತ್ತವೆ. ಇಲ್ಲಿನ ಭಂಡಾರದಲ್ಲಿ 3000 ಹಸ್ತಪ್ರತಿಗಳಿದ್ದುವೆಂದು ಹೇಳುವರು. ಗವಾನನು ತಾನೂ ವಿದ್ವಾಂಸನು. ಪತ್ರರಚನಾಶಾಸ್ತ್ರವನ್ನು ಕುರಿತು 'ಮನಾಜಿರುಲ್ ಇನ್ಷಾ' ಎಂಬ ಗ್ರಂಥವನ್ನು ಬರೆದನು. ಅವನ ಪತ್ರಗಳ ಸಂಗ್ರಹಕ್ಕೆ 'ರಿಯಾಜುಲ್ ಇನ್ಷಾ' ಎಂದು ಹೆಸರು. ಹೆರಾತಿನ ಕವಿ ಜಾಮಿಯೊಡನೆ ಅವನಿಗೆ ಪತ್ರವ್ಯವಹಾರವಿದ್ದಿತು. ಪತ್ರ ಬರೆಯುವ ವಿದ್ಯೆಯಲ್ಲಿ ಇಷ್ಟು ಪ್ರಸಿದ್ಧನಾದವನು ತಾನು ಬರೆಯದ ಒಂದು ಪತ್ರದಿಂದ ಪ್ರಾಣವನ್ನು ಕಳೆದುಕೊಂಡನು.

ಇದರ ಕಾರಣವನ್ನು ರಾಜ್ಯದ ಒಳಗಿನ ಕಲಹದಲ್ಲಿ ಹುಡುಕಬೇಕು. ಬೀದರಿನ ಆಸ್ಥಾನದಲ್ಲಿ ದಕ್ಷಿಣಿಗಳೆಂದೂ ಪರದೇಶದಿಂದ ಬಂದವರೆಂದೂ ಎರಡು ಪಂಗಡಗಳು ಬಹುಕಾಲದಿಂದ ವೈರದಲ್ಲಿದ್ದವು. ಗವಾನನು ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಭಾಗಿಸಿದನು. ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನು ಬಿಟ್ಟು ಉಳಿದವನ್ನು ಸುಲ್ತಾನನ ಕಿಲ್ಲೇದಾರರಿಗೆ ಒಪ್ಪಿಸಿದನು. ಇದರಿಂದ ಅಧಿಕಾರ ಕುಗ್ಗಿದವರು ಅವನ ಶತ್ರುಗಳಾದರು. ಅವರು ಮಂತ್ರಿಯ ಮುದ್ರೆಯನ್ನು ಕಾಯುತ್ತಿದ್ದ ಹಬಸಿ ಗುಲಾಮನಿಗೆ ಮದ್ಯವನ್ನು ಕುಡಿಸಿ, ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಸುಲ್ತಾನನ ಮೇಲೆ ದಂಡೆತ್ತಿ ಬರಬೇಕೆಂದು ಒರಿಸ್ಸದ ರಾಜನಿಗೆ ಗವಾನನೇ ಬರೆದಂತೆ ಆ ಕಾಗದದಲ್ಲಿ ಬರೆದು, ಸುಲ್ತಾನನು ಮದ್ಯಪಾನ ಮಾಡಿದ್ದ ಸಮಯದಲ್ಲಿ ಅದನ್ನು ತೋರಿಸಿದರು. 1481ನೆಯ ಏಪ್ರಿಲ್ 5ರಂದು, ಕೊಂಡಪಲ್ಲಿಯ ಬಿಡಾರದಲ್ಲಿ, ಮುದ್ರೆ ನನ್ನದು, ಪತ್ರ ನನ್ನದಲ್ಲವೆಂದು ವೃದ್ಧ ಮಂತ್ರಿಯು ಹೇಳಿದರೂ ಕೇಳದೆ, ಸುಲ್ತಾನನು ಅವನ ತಲೆಯನ್ನು ಹೊಡೆಯಿಸಿದನು.

ಈ ವೃತ್ತಾಂತವನ್ನು ವಿಸ್ತಾರವಾಗಿ ಹೇಳುವ ಫೆರಿಷ್ತನು ಸುಮಾರು 125 ವರ್ಷಗಳ ತರುವಾಯ ಬಿಜಾಪುರದಲ್ಲಿ ಕುಳಿತು ಬರೆದವನು. ಆದಕಾರಣ ಅವನು ಕೊಡುವ ಸಂಭಾಷಣೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ವಿಚಾರಣೆಯಿಲ್ಲದೆ ವಧೆ ನಡೆಯಿತೆಂಬುದೂ, ಅದರ ಪರಿಣಾಮವೂ ಸಂದೇಹಕ್ಕೆ ಎಡೆಯಿಲ್ಲದ ಸಂಗತಿಗಳು. ಗಮನಿಸಬೇಕಾದ ಇನ್ನೊಂದು ಅಂಶವುಂಟು. ಫಿರೋಜ್ ಷಾಹನನ್ನು ಬಿಟ್ಟರೆ ಬಹಮನೀ ಸಿಂಹಾಸನವನ್ನೇರಿದವರಲ್ಲಿ ಈ ಮುಹಮ್ಮದ್ ಷಾಹನಷ್ಟು ವಿದ್ಯಾವಂತನು ಮತ್ತೊಬ್ಬನಿಲ್ಲವೆಂದು ಅದೇ ಫೆರಿಷ್ತನು ಹೇಳುತ್ತಾನೆ. ಹಾಗಾದರೆ ಓದು ಬಲ್ಲ ಅರಸನಿಂದಲೇ ಈ ಅಕಾರ್ಯವು ನಡೆಯಿತು. ಮುದ್ರೆ ನಿಜವಾದುದರಿಂದ ಬರೆಹವೂ ನಿಜವೆಂದು ಅವನು ಭಾವಿಸಿದನು. ಮುದ್ರೆ ಕಾಯುವವನನ್ನು ಕರೆಯಿಸಿ ಕೇಳಿದ್ದರೆ ಸಾಕಾಗಿತ್ತು. ಮೇಲೆ ಹೇಳಿದ ಕುರಾನಿನ ವಚನವು ಎಚ್ಚರಿಸುವುದು ಇಂಥ ಅಜ್ಞಾನವನ್ನೇ.

ಆ ವಚನದ ಕೊನೆಯ ಮಾತೂ ಸತ್ಯವಾಯಿತು. ಮಂತ್ರಿಯ ಆಸ್ತಿಯನ್ನು ಶೋಧಿಸಿದಾಗ ನಿರೀಕ್ಷಿಸಿದ ಧನರಾಶಿ ಸಿಕ್ಕಲಿಲ್ಲ. ಪುಸ್ತಕಗಳು ಮದರಸೆಯ ವಿದ್ಯಾರ್ಥಿಗಳಿಗೆ ಸೇರಿದವೆಂದು ತಿಳಿಯಬಂದಿತು. ಸುಲ್ತಾನನು ಪಶ್ಚಾತ್ತಾಪದಿಂದ ಕೊರಗಿ ಮರುವರ್ಷ, 1482ರಲ್ಲಿ, ತೀರಿಕೊಂಡನು. 1490ರ ಸುಮಾರಿಗೆ ಬಿಜಾಪುರ, ಅಹಮದ್‌ನಗರ, ಬೇರಾರ್‌ಗಳು ಸ್ವತಂತ್ರವಾದವು, ತರುವಾಯ ಗೋಲ್ಕೊಂಡವೂ ಬೇರೆಯಾಯಿತು, ಬೀದರಿನಲ್ಲಿ ಬರೀದರು ಅಧಿಕಾರವನ್ನು ಕೈಗೆ ತೆಗೆದುಕೊಂಡರು. ಪಂಗಡಗಳ ವೈರವು ಮೊದಲೇ ಇದ್ದಿತೆಂಬುದು ನಿಜ. ಆದರೆ ಅವುಗಳನ್ನು ತೂಗಿ ಹಿಡಿದಿದ್ದ ಕೈ ಕೊಂಡಪಲ್ಲಿಯಲ್ಲಿ ಇಲ್ಲವಾಯಿತು.

ಮದರಸೆಯ ಪಾಡೂ ಇದಕ್ಕಿಂತ ಉತ್ತಮವಾಗಲಿಲ್ಲ. 1657ರಲ್ಲಿ ಬೀದರು ಮೊಗಲರ ವಶವಾಯಿತು. ತರುವಾಯ ಕಟ್ಟಡವು ಸೈನಿಕರ ಉಪಯೋಗಕ್ಕೆ ಬಿದ್ದು, ಅಲ್ಲಿ ಮದ್ದನ್ನು ಶೇಖರಿಸಿದರು. 17ನೆಯ ಶತಮಾನದ ಕೊನೆಯಲ್ಲಿ ಆ ಮದ್ದು ಸಿಡಿದು ಒಂದು ಮಿನಾರೂ ಮುಂಭಾಗದ ಬಹ್ವಂಶವೂ ಉರುಳಿದವು. ಉಳಿದ ಭಾಗವನ್ನು ಈಗ ಭಾರತದ ಪುರಾತತ್ತ್ವ ಇಲಾಖೆಯು ರಕ್ಷಿಸುತ್ತಿದೆ.

ಜ್ಞಾನವನ್ನು ಸಂಪಾದಿಸುವುದಕ್ಕೆ ಮದರಸೆಯನ್ನು ಕಟ್ಟುವುದು ಅವಶ್ಯಕ. ಆದರೆ ಅದರಿಂದಲೇ ಕಾರ್ಯವು ಪೂರೈಸುವುದಿಲ್ಲ. ಪುಸ್ತಕ ಭಂಡಾರವಿದ್ದ ರಾಜಧಾನಿಯಲ್ಲಿ ಓದಿ ಬೆಳೆದ ಅರಸನು ಒಂದು ಪ್ರಶ್ನೆಯನ್ನು ಕೇಳದೆ ಹೋದುದರಿಂದ ಒಂದು ರಾಜ್ಯವು ಕೆಟ್ಟಿತು. ಕೇಳಿ, ಪರೀಕ್ಷಿಸಿ, ಆಮೇಲೆ ನಂಬುವ ಅಭ್ಯಾಸವು ಕೂಡಿದಾಗಲೇ ವಿದ್ಯೆಯು ಜ್ಞಾನವೆನಿಸುವುದೆಂದು ಬೀದರಿನ ಈ ವೃತ್ತಾಂತದಿಂದ ತಿಳಿಯಬಹುದಾಗಿದೆ.